ಟೇಪಿನ ಇನ್ನೊಂದು ಬಾಜು

ಬೋರ್ಡು ಮರಾಠಿ, ವಹಿ ಕನ್ನಡ.
ಜತ್ತದ ಎಸ್ಟಿ ಸ್ಟ್ಯಾಂಡಿನ ಹಿಂದ, ಝೆರಾಕ್ಸ್ ಅಂಗಡಿ ಬಾಜೂಕ
ಮೂವತ್ತೊಂದು ವರ್ಷ ಮಂದಿ ನಡಾ ಬರಕೋತ ಕುಂತೀನಿ
ಅಪ್ಪ ಕಲಿಸಿದ ಅಂಕಿಯೊಳಗ:
೩೨, ೩೪, ೩೬,
ಮುಂದ ಸಣ್ಣ ಗೆರಿ ಇದ್ದರ ಅರ್ಧಾ ಇಂಚು, ನನಗಷ್ಟ ತಿಳೀತೈತಿ.

ಅಳತಿ ಕೊಡಾಕ ನಿಂತವರು ಯಾರೂ ಖರೆ ಹೇಳಂಗಿಲ್ಲ.
ಟೇಪು ತಾಗಿದ ಕೂಡ್ಲೆ ಹೊಟ್ಟಿ ಒಳಗ ಹೊಕ್ಕೈತಿ,
ಎದಿ ಏಳತೈತಿ, ಉಸರು ನಿಲ್ಲತೈತಿ.
ನಾನೂ ಕಾಣಲಾರದವರಂಗ ಒಂದು ಬೆರಳು ಸಡ್ಲ ಬರಕೋತೀನಿ,
ಹೊಲಿಗಿ ಒಳಗ ಎರಡಿಂಚು ಅರಿವಿ ಮಡಚಿ ಇಡತೀನಿ.
ದೀಪಾವಳಿಗೆ ಬಂದು ಗುಂಡಿ ಹತ್ತವಲ್ದು ಅಂದರ
'ನೀರಿಗೆ ಕುಗ್ಗೈತ್ರಿ ಸಾಹೇಬ್ರ' ಅಂತೀನಿ.
ಅದು ಟೆರಿಲೀನು. ಅದರ ಅಪ್ಪನೂ ಕುಗ್ಗಂಗಿಲ್ಲ.

ಮಲಕಾರಿ ಸಾವಳಗಿ, ವಿಜಾಪುರ ಗಾಡಿ ಡ್ರೈವರ.
ವರ್ಷಾ ಎರಡು ಜೋಡಿ ಖಾಕಿ.
ವಹಿಯೊಳಗ ಅವನ ನಡಾ ಘಾಟ ಏರಿದಂಗ ಏರೈತಿ:
೩೪ ಲಗ್ನದ ವರ್ಷ,
೩೭ ಸ್ಟೇರಿಂಗ್ ಹಿಡದ ಮ್ಯಾಲ,
೪೦ ಚಾ, ವಡಾಪಾವ, ಮತ್ತ ಚಾ,
೪೩ರ ವರ್ಷ ಕನ್ನಡದಾಗ ಜಗಳಾ ತಗದು
ಮರಾಠಿಯೊಳಗ ರೊಕ್ಕಾ ಎಣಿಸಿ ಕೊಟ್ಟಿದ್ದ.
ಆಮ್ಯಾಲ ಒಂದ ಬ್ಯಾಸಗಿಯೊಳಗ ೩೫.
'ಮಾಸ್ತರ, ಎಲ್ಲಾ ಪ್ಯಾಂಟು ಹಿಡದು ಕೊಡು' ಅಂದ, ನಕ್ಕ.
'ಹೊಸಾ ಮದುಮಗ ಆಗೀಯಲ್ಲೋ' ಅಂದೆ, ನಾನೂ ನಕ್ಕೆ.
ಅವ ನನ್ನ ಗಡಿಗಿ ನೀರು ಮೂರು ಗ್ಲಾಸು ಕುಡದ,
ಗೋಡಿ ಹಿಂದ ಎರಡು ಸಲ ಹೋಗಿ ಬಂದ.
ಐದು ಪ್ಯಾಂಟು, ಒಂದಕ್ಕ ನಲವತ್ತು, ಇನ್ನೂರು ರೂಪಾಯಿ.
ಬರದೀನಿ. ನೋಡ್ರಿ, ಇಲ್ಲೇ ಐತಿ.
ಮಿರಜದಾಗ ಅವನ ಕಾಲಿನ ಮೂರು ಬೆರಳು ತಗದದ್ದು
ಈ ಹಾಳ್ಯಾಗ ಇಲ್ಲ.

ಮೊನ್ನೆ ಸರಕಾರಿ ದವಾಖಾನಿ ಸಿಸ್ಟರ್ ಬಂದಳು, ಉಜ್ವಲಾ ಕೊಳೇಕರ.
'ಸ್ಟ್ಯಾಂಡಿನಾಗ ತಪಾಸಣಿ ಐತ್ರಿ ಕಾಕಾ, ಟೇಪು ಮರತು ಬಂದೀನಿ.'
ಕೊರಳಾಗಿಂದು ತಗದು ಕೊಟ್ಟೆ.
ಆಕಿ ಅದನ್ನ ತಿರುವಿ ಹಾಕಿದಳು.
ಇಂಚಿನ ಬಾಜು ಬೆವರಿಗೆ ಅಳಿಸಿ
ಏಳು ಯಾವುದು ಒಂಬತ್ತು ಯಾವುದು ಗೊತ್ತಾಗಂಗಿಲ್ಲ.
ಸೆಂಟಿಮೀಟರಿನ ಬಾಜು ಕೋರಾ ಕೋರಾ,
ನಿನ್ನೆ ತಂದಂಗ.

'ಮೊದಲ ನಿಮ್ಮದ ನೋಡೂಣು.'
ನಾ ಪ್ಯಾಂಟಿನ ಪಟ್ಟಿ ತೋರಿಸಿದೆ.
'ಅದು ಹೊಟ್ಟಿ ಕೆಳಗ ಜಾರಿದ ಜಾಗಾ, ಅಲ್ಲೇನು ಸಿಗತೈತಿ?'
ಕಡೀ ಪಕ್ಕೆಲುಬು ಹುಡುಕಿದಳು, ಟೊಂಕದ ಎಲುಬು ಹುಡುಕಿದಳು,
ಎರಡರ ನಟ್ಟನಡುವ ಟೇಪು ಇಟ್ಟಳು.
'ಉಸರು ಬಿಡ್ರಿ. ಪೂರಾ ಬಿಡ್ರಿ.'

ನನ್ನ ಮುಂದ ನಿಂತವರಿಗೆ
ಈ ಮಾತು ನಾ ಎಂದೂ ಅಂದಿಲ್ಲ.

ಬಂದ ನಂಬರು ಫಾರ್ಮಿನಾಗ ಬರಕೊಂಡಳು, ನನಗ ಹೇಳಲಿಲ್ಲ.
ರೀಲಿನ ಬಿಳಿ ದಾರ ಎಳದು
ನೆತ್ತಿಯಿಂದ ಹಿಮ್ಮಡಿತನಕ ಹಿಡದು ಹರಿದಳು,
ಅದರ ಅರ್ಧಾ ತುಂಡು ಮಾಡಿ ನಡಕ್ಕ ಸುತ್ತಿದಳು.
ತುದಿಗೆ ತುದಿ ಮುಟ್ಟಲಿಲ್ಲ.
ನಡುವ ನಾಲ್ಕು ಬೆರಳು ಬರೀ ಹೊಟ್ಟಿ.
'ಇದು ಮುಟ್ಟಬೇಕ್ರಿ ಕಾಕಾ, ತೂಕದ ಮಷಿನ್ ಏನರ ಹೇಳಲಿ.'
ದಾರ ನನ್ನ ಕೈಯಾಗ ಇಟ್ಟು ಹೋದಳು.

ಆ ರಾತ್ರಿ ಶಟರ್ ಅರ್ಧಾ ಇಳಿಸಿ ವಹಿ ತಿರುವಿದೆ,
ಏರಿದವರು ಹಾಳಿ ತುಂಬಾ ಅದಾರ,
ಮೊದಲ ಝಟ್ಟನ ಇಳದವರ ಹೆಸರಿನ ಮುಂದ
ಖಡುವಿಲೆ ಗುರುತು ಹಾಕಿದೆ.
ಪೋಸ್ಟಿನ ಬಸಲಿಂಗ. ದಾಳಿಂಬ್ರಿ ಮಾರೂ ಹೈದರಸಾಬ.
ಅವರ ಮನಿಗೆ ಹೋಗಿ ಏನಂತ ಹೇಳಲಿ?
ನಿಮ್ಮ ಪ್ಯಾಂಟು ಸಡ್ಲಾಗೈತಿ, ರಕ್ತಾ ತಪಾಸ ಮಾಡಸ್ರಿ?
ಬಸಲಿಂಗಗ ಹೇಳೀನಿ. ಹೈದರಸಾಬಗ ಇನ್ನೂ ಇಲ್ಲ.

ಮುಂಜಾನೆ ಸಫಾರಿ ಹೊಲಿಸಾಕ ಒಬ್ಬ ಸಾವಕಾರ ಬಂದ.
ಟೇಪು ತಾಗಿತು, ಹೊಟ್ಟಿ ಒಳಗ ಹೋತು.
'ಉಸರು ಬಿಡ್ರಿ' ಅಂದೆ.
'ಏನಂದಿ?'
'ಪೂರಾ ಬಿಡ್ರಿ.'
ಮಾರಿ ಕೆಂಪ ಮಾಡಿ ಎದುರಿನ ಅಂಗಡಿಗೆ ನಡದ.
ಅಲ್ಲಿ ಮತ್ತ ಹೊಟ್ಟಿ ಎಳಕೊಂಡು
ಉಸರು ಕಟ್ಟಿ ನಿಂತದ್ದು
ಇಲ್ಲಿಂದ ಚಂದ ಕಾಣತಿತ್ತು.